ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ವಿಮೆ

‘ವಿಮಾನ’, ‘ವಿಮೆ’ ಎಂಬ ಎರಡು ಶಬ್ದಗಳನ್ನು ಒಂದರ ಪಕ್ಕಕ್ಕೆ ಒಂದು ಬರೆದಿಟ್ಟರೆ, ನೋಡಿದವರು ಇವು ಒಡಹುಟ್ಟಿದವೆಂದೇ ತಿಳಿದಾರು. ಆದರೆ ಇವುಗಳ ಕುಲ ಬೇರೆ ಬೇರೆ. ವಿಮಾನವು ಸಂಸ್ಕೃತದ ಮಾತು. ಅದರೊಳಗಿನ ‘ಮಾ’ ಧಾತುವಿಗೆ ಅಳೆಯುವುದೆಂದು ಅರ್ಥ. ಆಕಾಶವನ್ನು ಅಳೆಯುತ್ತ ಹೋಗುವುದು ವಿಮಾನ. ಶಿಲ್ಪಶಾಸ್ತ್ರದ ಅಳತೆಗೆ ಸರಿಯಾಗಿ ಗರ್ಭಗುಡಿಯ ಮೇಲೆ ಎದ್ದು ನಿಂತುದೂ ವಿಮಾನವೇ. ವಿಮೆಯಾದರೋ ಪಾರಸಿಯ ‘ಬೀಮಾ’. ಅದು ಮರಾಠಿಯ ಹೊಸ್ತಿಲು ದಾಟಿ ನಮ್ಮ ಬೆಳಗಾವಿ ಸೀಮೆಗೆ ಬಂದು, ಇಲ್ಲಿಯದೇ ಎಂಬಂತೆ ನೆಲೆಸಿದೆ. ಕುಲ ಬೇರೆಯಾದರೂ ಇವೆರಡರ ಕಸುಬು ಒಂದೇ. ವಿಮಾನ ಕಟ್ಟುವವನು ಗಾಳಿಯನ್ನೂ ಭಾರವನ್ನೂ ಅಳೆಯುತ್ತಾನೆ. ವಿಮೆಯ ಕಂಪನಿಯವನು ಅಪಾಯವನ್ನು ಅಳೆಯುತ್ತಾನೆ. ಅಳತೆಗೆ ಸಿಕ್ಕದುದನ್ನು ಇಬ್ಬರೂ ಒಲ್ಲರು.

ಹೀಗೆ ಅಳತೆಗೆ ಸುಲಭವಾಗಿ ಸಿಕ್ಕದ ವಸ್ತುವೊಂದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ. ಕಾರಖಾನೆಯಲ್ಲಿ ಅಲ್ಲ, ಮನೆಯ ಹಿತ್ತಿಲಲ್ಲೋ ಮಾಳಿಗೆಯ ಮೇಲೋ ಒಬ್ಬನು ತನ್ನ ಕೈಯಿಂದಲೇ ವಿಮಾನವನ್ನು ಕಟ್ಟುತ್ತಾನೆ. ವಿಮಾನಕ್ಕೆಂದೇ ಮಾಡಿದ ಎಂಜಿನು ಬಲು ತುಟ್ಟಿ. ಆದುದರಿಂದ ಮೋಟಾರು ಕಾರಿನದನ್ನೋ ಮೋಟಾರು ಸೈಕಲ್ಲಿನದನ್ನೋ ತಂದು ಅದಕ್ಕೆ ಕೂಡಿಸುತ್ತಾನೆ. ಹೀಗೆ ಹುಟ್ಟಿದ ಯಂತ್ರಕ್ಕೆ ವಿಮೆ ಇಳಿಸಲು ಬರುತ್ತದೆಯೆ? ಬರುವುದಾದರೆ ಯಾರ ಸಲುವಾಗಿ, ಯಾವ ಶರತ್ತಿನ ಮೇಲೆ?

ಬೈಲಹೊಂಗಲದ ಹತ್ತಿಯ ಪೇಟೆಗೂ ರಾಮದುರ್ಗದ ಮಗ್ಗಕ್ಕೂ ಈ ವಿಮಾನದ ಸುದ್ದಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವುಂಟು. ಸಾಂಬ್ರಾದ ವಿಮಾನ ನಿಲ್ದಾಣ ನಮಗೆ ದೂರದ್ದಲ್ಲ. ಅಲ್ಲಿಂದ ಎದ್ದ ಎರಡು ಆಸನದ ತರಬೇತಿ ವಿಮಾನವೊಂದು 2023ರ ಮೇ ತಿಂಗಳಿನಲ್ಲಿ ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು. ಅದು ಕಾರಖಾನೆಯಲ್ಲಿ ಹುಟ್ಟಿ, ಸರ್ಕಾರದ ಪರೀಕ್ಷೆಗೆ ಒಳಗಾಗಿ ಬಂದ ವಿಮಾನ. ಅಂಥದಕ್ಕೂ ಹೊಲದ ಹಾದಿ ತಪ್ಪಲಿಲ್ಲ. ಹೊಲವೆಂದರೆ ಬರಿಯ ಬಯಲಲ್ಲ. ಅಲ್ಲಿ ಎತ್ತುಗಳಿರುತ್ತವೆ, ಕಳೆ ತೆಗೆಯುವ ಹೆಣ್ಣುಮಕ್ಕಳಿರುತ್ತಾರೆ, ಬೇವಿನ ಗಿಡದ ನೆರಳಿಗೆ ಕೂಸಿನ ಜೋಳಿಗೆ ಕಟ್ಟಿರುತ್ತಾರೆ. ಮೇಲೆ ಹಾರುವವನು ತಿಳಿದು ಹಾರುತ್ತಾನೆ. ಕೆಳಗಿರುವವರನ್ನು ಕೇಳುವವರಾರು? ವಿಮೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಇನ್ನೂ ಒಂದು ಕಾರಣವಿದೆ. ಆಳಿಲ್ಲದ ಸಣ್ಣ ವಿಮಾನ, ಎಂದರೆ ಡ್ರೋನು, ಈಗ ನಮ್ಮ ಹೊಲಗಳ ಮೇಲೆ ಔಷಧ ಸಿಂಪಡಿಸತೊಡಗಿದೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಕಂಡ ಹುಡುಗರು, ತಾವೂ ಒಂದನ್ನು ಕಟ್ಟುವೆವೆಂದು ಬಿಡಿಭಾಗಗಳನ್ನು ಕೂಡಿಹಾಕುತ್ತಿದ್ದಾರೆ. ಇಂದು ಹಿಡಿಯಷ್ಟು ಯಂತ್ರವನ್ನು ಹಾರಿಸುವ ಹುಡುಗ ನಾಳೆ ತಾನೇ ಕುಳಿತು ಹಾರುವ ಯಂತ್ರವನ್ನು ಕಟ್ಟಬಯಸಿದರೆ ಆಶ್ಚರ್ಯವಿಲ್ಲ. ಅವನನ್ನು ಬೈದು ಕೂಡಿಸುವುದು ಸುಲಭ. ಸರಿಯಾದ ದಾರಿ ತೋರಿಸುವುದು ಹಿರಿಯರ ಕೆಲಸ.

ವಿಮಾನವು ಮೊದಲು ಹುಟ್ಟಿದ್ದೇ ಹೀಗೆ ಮನೆಯ ಕೈಗಳಿಂದ ಎಂಬುದನ್ನು ಮರೆಯಬಾರದು. ರೈಟ್ ಸಹೋದರರು ಸೈಕಲ್ ರಿಪೇರಿಯವರು. 1910ರಲ್ಲಿ ಮದರಾಸಿನಲ್ಲಿ ಹೋಟೆಲು ನಡೆಸುತ್ತಿದ್ದ ಡಿ’ಏಂಜೆಲಿಸ್ ಎಂಬವನು ತನ್ನ ನಕ್ಷೆಯಂತೆ ವಿಮಾನವನ್ನು ಕಟ್ಟಿಸಿ, ಅದಕ್ಕೆ ಸಣ್ಣದೊಂದು ಎಂಜಿನು ಕೂಡಿಸಿ, ಪಲ್ಲಾವರಂ ಬಯಲಿನಲ್ಲಿ ಹಾರಿದನು. ಅಮೆರಿಕೆಯ ಮಿನ್ನೆಸೋಟ ಪ್ರಾಂತದ ಹಳ್ಳಿಯೊಂದರಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬವನು 1929ರಲ್ಲಿ ಫೋರ್ಡ್ ಕಾರಿನ ಎಂಜಿನನ್ನೇ ಮರದ ವಿಮಾನಕ್ಕೆ ಕೂಡಿಸಿ ಹಾರಿಸಿದನು; ಅವನ ನಕ್ಷೆಯಂತೆ ವಿಮಾನ ಕಟ್ಟುವವರು ಇಂದಿಗೂ ಇದ್ದಾರೆ. ನಮ್ಮ ನೆರೆಯ ಮುಂಬಯಿಯಲ್ಲಿ ಅಮೋಲ್ ಯಾದವ್ ಎಂಬ ವಿಮಾನ ಚಾಲಕರು ಕಾಂದಿವಲಿಯ ಮನೆಯ ಮಾಳಿಗೆಯ ಮೇಲೆ ಆರು ಆಸನದ ವಿಮಾನವನ್ನು ಕಟ್ಟಿದರು. 2016ರಲ್ಲಿ ಅದನ್ನು ಜನರ ಮುಂದೆ ಪ್ರದರ್ಶನಕ್ಕಿಟ್ಟರು. 2017ರಲ್ಲಿ ಅದಕ್ಕೆ ಸರ್ಕಾರದ ನೋಂದಣಿ ದೊರೆಯಿತು. ಕಟ್ಟುವುದು ಒಂದು ತಪಸ್ಸಾದರೆ, ಕಾಗದಪತ್ರಗಳನ್ನು ದೊರಕಿಸುವುದು ಇನ್ನೊಂದು ತಪಸ್ಸು.

ಆದರೆ ಎಲ್ಲರ ತಪಸ್ಸೂ ಫಲಿಸುವುದಿಲ್ಲ. ಫ್ರಾನ್ಸಿನ ಆನ್ರಿ ಮಿನ್ಯೆ ಎಂಬವನು ‘ಆಕಾಶದ ಹೇನು’ ಎಂಬ ಚೇಷ್ಟೆಯ ಹೆಸರಿನ ಪುಟ್ಟ ವಿಮಾನವನ್ನು ಕಟ್ಟಿ, ಅದನ್ನು ಕಟ್ಟುವ ಬಗೆಯನ್ನು 1934ರಲ್ಲಿ ಪುಸ್ತಕವಾಗಿ ಹೊರಡಿಸಿದನು. ಯೂರೋಪಿನ ತುಂಬ ಬಡಗಿಗಳೂ ಗುಮಾಸ್ತರೂ ಅದನ್ನು ಓದಿ ಕಟ್ಟತೊಡಗಿದರು. ಮೋಟಾರು ಸೈಕಲ್ಲಿನದು, ಕಾರಿನದು ಎನ್ನದೆ ಸಿಕ್ಕ ಎಂಜಿನನ್ನು ಕೂಡಿಸಿದರು. ಕೆಲವರು ಹಾರಿ ನಲಿದರು, ಕೆಲವರು ಸತ್ತರು. ಆಮೇಲೆ ಗಾಳಿಯ ಸುರಂಗದಲ್ಲಿಟ್ಟು ಪರೀಕ್ಷಿಸಿದಾಗ, ಮೂತಿ ಕೆಳಗಾಗಿ ಇಳಿಯತೊಡಗಿದರೆ ಒಂದು ಹಂತದ ಆಚೆಗೆ ಅದು ಮತ್ತೆ ಮೇಲೇಳಲಾರದೆಂದು ತಿಳಿದುಬಂತು. ದೋಷವಿದ್ದುದು ಎಂಜಿನಿನಲ್ಲಿ ಅಲ್ಲ, ರೆಕ್ಕೆಗಳ ಜೋಡಣೆಯಲ್ಲಿ. ಜನರೆಲ್ಲ ಎಂಜಿನಿನ ಮೇಲೆ ಕಣ್ಣಿಟ್ಟಿದ್ದರು. ಮೃತ್ಯು ರೆಕ್ಕೆಯಲ್ಲಿ ಕುಳಿತಿತ್ತು. ಮೊದಲೇ ಅಳೆಯಬೇಕಾದುದನ್ನು ಸತ್ತವರ ಲೆಕ್ಕದಿಂದ ಅಳೆದಂತಾಯಿತು.

ವಿಮೆಯವರಿಗೂ ಇಂಥ ಪಾಠ ಮೊದಲಿನಿಂದಲೇ ದೊರೆತಿದೆ. ಹಡಗುಗಳ ವಿಮೆಯಲ್ಲಿ ಹೆಸರಾದ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯಲ್ಲಿ 1911ರಲ್ಲಿ ವಿಮಾನದ ಮೊದಲ ಪಾಲಿಸಿಯನ್ನು ಬರೆದರು. ಮರುವರ್ಷವೇ ಹಾರಾಟದ ಮೇಳವೊಂದರಲ್ಲಿ ಹವೆ ಕೆಟ್ಟು ವಿಮಾನಗಳು ಬಿದ್ದುವು. ಈ ಉಸಾಬರಿಯೇ ಬೇಡವೆಂದು ಅವರು ಕೈತೊಳೆದುಕೊಂಡರು. ವಿಮಾನಕ್ಕೆ ಒಂದು ಚರಿತ್ರೆ ಹುಟ್ಟಿ, ಎಷ್ಟು ಹಾರಿದರೆ ಎಷ್ಟು ಬೀಳುತ್ತವೆಂಬ ಲೆಕ್ಕ ದೊರೆತ ಮೇಲೆಯೇ ಈ ವ್ಯವಹಾರ ಮತ್ತೆ ಬೇರೂರಿತು. ನಮ್ಮ ದೇಶದಲ್ಲಿ ನ್ಯೂ ಇಂಡಿಯಾ ಕಂಪನಿಯವರು 1946ರಲ್ಲಿ ವಿಮಾನಗಳ ವಿಮೆಗೆಂದೇ ಬೇರೆ ಶಾಖೆಯನ್ನು ತೆರೆದರು.

ಇನ್ನು ಎಂಜಿನಿನ ಮಾತು. ಕಾರಿನಲ್ಲಿ ಚೆನ್ನಾಗಿ ಓಡುವ ಎಂಜಿನು ವಿಮಾನದಲ್ಲಿ ಏಕೆ ಓಡಬಾರದು? ಓಡುತ್ತದೆ, ಆದರೆ ದುಡಿಮೆಯ ರೀತಿ ಬೇರೆ. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಕಾರು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಮಾತ್ರ ಖರ್ಚು ಮಾಡುತ್ತದೆ; ಇಳುಕಲಿನಲ್ಲಿ ದಣಿವಾರಿಸಿಕೊಳ್ಳುತ್ತದೆ. ವಿಮಾನದ ಎಂಜಿನು ನೆಲಬಿಟ್ಟು ಏಳುವಾಗ ಪೂರ್ತಿ ಶಕ್ತಿಯಿಂದಲೂ, ಬಳಿಕ ಗಂಟೆಗಟ್ಟಲೆ ಮುಕ್ಕಾಲು ಶಕ್ತಿಯಿಂದಲೂ ದುಡಿಯಬೇಕು. ಮದುವೆಯ ಎತ್ತಿನ ಗಾಡಿಗೂ ನೇಗಿಲ ಎತ್ತಿಗೂ ಇರುವಷ್ಟು ಅಂತರ ಅದು.

ಎರಡನೆಯದು, ವೇಗದ ಹೊಂದಾಣಿಕೆ. ಗಾಳಿಯನ್ನು ಹಿಂದಕ್ಕೆ ನೂಕುವ ಪಂಖ, ಎಂದರೆ ಪ್ರೊಪೆಲರು, ಮಿನಿಟಿಗೆ ಎರಡು ಎರಡೂವರೆ ಸಾವಿರ ಸುತ್ತು ತಿರುಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಿನ ಎಂಜಿನು ತನ್ನ ಪೂರ್ತಿ ಶಕ್ತಿಯನ್ನು ಕೊಡಬೇಕಾದರೆ ಅದರ ಇಮ್ಮಡಿ ತಿರುಗಬೇಕು. ಹಿಟ್ಟಿನ ಗಿರಣಿಯಲ್ಲಿ ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಪಟ್ಟಾ ಹಾಕಿ ವೇಗವನ್ನು ಇಳಿಸುವುದನ್ನು ನೀವು ನೋಡಿದ್ದೀರಿ. ವಿಮಾನದಲ್ಲಿಯೂ ಅದೇ ಉಪಾಯ. ಆದರೆ ಗಿರಣಿಯ ಪಟ್ಟಾ ಹರಿದರೆ ಹಿಟ್ಟು ತಡವಾದೀತು. ಇಲ್ಲಿಯ ಪಟ್ಟಾ ಹರಿದರೆ ಕೈಯಲ್ಲಿ ಉಳಿಯುವುದು ಕೆಲವೇ ಮಿನಿಟುಗಳು. ಮೂರನೆಯದು, ಕಿಡಿ. ಸಾಂಪ್ರದಾಯಿಕ ವಿಮಾನ ಎಂಜಿನಿನಲ್ಲಿ ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗು; ಅವಕ್ಕೆ ಕಿಡಿ ಒದಗಿಸಲು ಎರಡು ಮ್ಯಾಗ್ನೆಟೋ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಬ್ಯಾಟರಿ ಸತ್ತರೂ ಎಂಜಿನು ಸಾಯುವುದಿಲ್ಲ. ಕಾರಿನ ಎಂಜಿನು ಬ್ಯಾಟರಿಯನ್ನೇ ನೆಚ್ಚಿದ ಜೀವ.

ವಿಮೆಯ ಕಂಪನಿ ಇದನ್ನೆಲ್ಲ ಬಲ್ಲದು. ಆದರೂ ಅದರ ಅಳುಕಿಗೆ ಮೂಲಕಾರಣ ಯಂತ್ರಶಾಸ್ತ್ರವಲ್ಲ, ಲೆಕ್ಕಶಾಸ್ತ್ರ. ನಮ್ಮ ಕಡೆಯ ಒಕ್ಕಲುತನದಲ್ಲಿ ಮುಯ್ಯಾಳಿನ ಪದ್ಧತಿ ಇದೆಯಲ್ಲ! ಇಂದು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ವಿಮೆಯೆಂದರೆ ಹಣದ ಮುಯ್ಯಿ. ಸಾವಿರ ಜನ ಒಂದೇ ಬಗೆಯ ವಾಹನವುಳ್ಳವರು ವರ್ಷಕ್ಕಿಷ್ಟು ಕಂತು ಕಟ್ಟುತ್ತಾರೆ. ಅವರಲ್ಲಿ ನಾಲ್ವರಿಗೆ ಹಾನಿಯಾದರೆ ಸಾವಿರ ಜನರ ಕಂತು ಆ ನಾಲ್ವರ ಕಣ್ಣೀರು ಒರೆಸುತ್ತದೆ. ನಾಲ್ವರೆಂಬ ಲೆಕ್ಕ ಹತ್ತಾರು ವರ್ಷಗಳ ದಾಖಲೆಯಿಂದ ಬಂದುದು. ಈಗ ಒಬ್ಬನು ಬಂದು, ‘ಜಗತ್ತಿನಲ್ಲಿ ಇಂಥದು ಇದೊಂದೇ, ನಾನೇ ಮಾಡಿದ್ದು’ ಎಂದು ಹೆಮ್ಮೆಯಿಂದ ಹೇಳುತ್ತಾನೆನ್ನಿ. ಅವನ ಹೆಮ್ಮೆಯೇ ವಿಮೆಯವನಿಗೆ ಭಯ. ಒಂಟಿ ಎಂಜಿನಿಗೆ ಮುಯ್ಯಾಳುಗಳಿಲ್ಲ. ಆದುದರಿಂದ ಕಂಪನಿ ಹೆಚ್ಚಿನ ಕಂತು ಕೇಳುತ್ತದೆ, ಇಲ್ಲವೆ ಕೆಳಗಿನವರಿಗಾಗುವ ಹಾನಿಯನ್ನಷ್ಟೇ ಒಪ್ಪಿಕೊಂಡು ವಿಮಾನದ ಒಡಲನ್ನು ಬಿಟ್ಟುಬಿಡುತ್ತದೆ, ಇಲ್ಲವೆ ಕೈಮುಗಿದು ಕಳಿಸುತ್ತದೆ. ಇದು ಹಗೆತನವಲ್ಲ, ಲೆಕ್ಕ ಇಲ್ಲದವನ ಅಂಜಿಕೆ.

ಹಾಗಾದರೆ ಹೊಸ ಎಂಜಿನಿಗೆ ಎಂದಿಗೂ ಬಾಳಿಲ್ಲವೆ? ಇದೆ. ಅದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಒಳ್ಳೆಯ ದೃಷ್ಟಾಂತವುಂಟು. ಆಸ್ಟ್ರಿಯಾ ದೇಶದ ರೋಟಾಕ್ಸ್ ಕಂಪನಿ ಹಿಮದ ಮೇಲೆ ಜಾರುವ ಸ್ಕೂಟರುಗಳಿಗೆ ಎಂಜಿನು ಮಾಡುತ್ತಿತ್ತು. ಹಗುರ ವಿಮಾನ ಕಟ್ಟುವ ಹವ್ಯಾಸಿಗಳು ಆ ಎಂಜಿನುಗಳನ್ನು ತಂದು ತಮ್ಮ ರೆಕ್ಕೆಗಳ ನಡುವೆ ಕೂಡಿಸಿದರು. ಕಂಪನಿಯೂ ಆ ಕಡೆಗೆ ಮನಸ್ಸು ಕೊಟ್ಟು ವಿಮಾನಗಳಿಗೆಂದೇ ಎಂಜಿನುಗಳನ್ನು ತಿದ್ದಿತು. ಆದರೂ ತನ್ನ ಎರಡು ಹೊಡೆತದ ಎಂಜಿನುಗಳ ಕೈಪಿಡಿಯಲ್ಲಿ, ಇವು ತಟ್ಟನೆ ನಿಂತುಹೋಗಬಹುದು, ಹಾಗೆ ನಿಂತರೆ ಇಳಿಯಲು ಸ್ಥಳವಿಲ್ಲದ ಕಡೆ ಹಾರಬೇಡಿರಿ ಎಂದು ಮುಚ್ಚುಮರೆಯಿಲ್ಲದೆ ಎಚ್ಚರಿಕೆ ಬರೆಯಿತು. ಮುಂದೆ ನಾಲ್ಕು ಹೊಡೆತದ ಎಂಜಿನುಗಳನ್ನು ಹೊರತಂದಿತು. ಮಿನಿಟಿಗೆ 5,800 ಸುತ್ತು ತಿರುಗುವ ಎಂಜಿನಿಗೆ ಹಲ್ಲುಗಾಲಿಗಳನ್ನು ಜೋಡಿಸಿ, ಪಂಖವನ್ನು ಸುಮಾರು 2,400 ಸುತ್ತಿಗೆ ಇಳಿಸಿತು; ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗು ಕೊಟ್ಟಿತು. ಸಾವಿರಾರು ಎಂಜಿನುಗಳು ಲಕ್ಷಾಂತರ ಗಂಟೆ ಓಡಿದುವು. ಎಲ್ಲಿ ಏನು ಕೆಟ್ಟಿತೆಂಬುದು ದಾಖಲೆಯಾಯಿತು.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1980ರ ದಶಕದಲ್ಲಿ, ಅಮೆರಿಕೆಯ ಬರ್ಟ್ ರುಟಾನರು ಮನೆಯಲ್ಲಿ ಕಟ್ಟುವವರಿಗೆಂದು ರಚಿಸಿದ ‘ಲಾಂಗ್ ಈಜಿ’ ವಿಮಾನವನ್ನು ಮಾದರಿಯಾಗಿ ಹಿಡಿದು ಗಾಜಿನ ನಾರಿನ ಹಗುರ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಆ ಅಭ್ಯಾಸದ ಬಲದಿಂದಲೇ ‘ಹಂಸ’ ಎಂಬ ಎರಡು ಆಸನದ ವಿಮಾನ 1993ರಲ್ಲಿ ಆಕಾಶಕ್ಕೇರಿತು. ಮುಂದೆ ‘ಹಂಸ-3’ಕ್ಕೆ ರೋಟಾಕ್ಸ್ 914 ಎಂಬ ಎಂಜಿನು ಬಂತು, 2000ದಲ್ಲಿ ಭಾರತ ಸರ್ಕಾರದ ಪ್ರಮಾಣಪತ್ರವೂ ದೊರೆಯಿತು. ನೋಡಿರಿ, ಒಂದು ಕಾಲಕ್ಕೆ ಹಿಮದ ಸ್ಕೂಟರಿನ ಬಳಗದ್ದೆಂದು ಮೂಗುಮುರಿಸಿಕೊಂಡ ಮನೆತನದ ಎಂಜಿನು ಸರ್ಕಾರಿ ಪ್ರಯೋಗಾಲಯದ ವಿಮಾನದ ಮೂತಿಯಲ್ಲಿ ಮಾನ ಪಡೆಯಿತು. ವಾದದಿಂದ ದೊರೆತ ಮಾನವಲ್ಲ ಇದು, ದಾಖಲೆಯಿಂದ ದೊರೆತದ್ದು.

ಬೆಂಗಳೂರಿನಲ್ಲಿಯೇ ರಾಜಹಂಸ ಎಂಬ ಕಂಪನಿ ಹಗುರ ವಿಮಾನಗಳ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಪರದೇಶಗಳಿಗೆ ಕಳಿಸಿತು. ಬ್ರಿಟನ್ನಿನವರು ಆ ಪೆಟ್ಟಿಗೆಗಳನ್ನು ತರಿಸಿ, ತಮ್ಮ ಮನೆಯ ಕೊಟ್ಟಿಗೆಗಳಲ್ಲಿ ಕೂಡಿಸಿ ಹಾರಿದರು. ಆದರೆ ಪೆಟ್ಟಿಗೆ ತೆರೆದೊಡನೆ ಹಾರಲಿಲ್ಲ. ಅಲ್ಲಿ ಹಗುರ ವಿಮಾನದವರ ಸಂಘವೊಂದಿದೆ. ಅದರ ಪರೀಕ್ಷಕನು ಹಂತಹಂತಕ್ಕೆ ಬಂದು, ಮುಚ್ಚಿಹೋಗುವ ಭಾಗವನ್ನು ಮುಚ್ಚುವ ಮೊದಲೇ ನೋಡಿ ಸಹಿ ಮಾಡಬೇಕು. ಯಾವ ವಿಮಾನಕ್ಕೆ ಯಾವ ಎಂಜಿನು, ಯಾವ ಪಂಖ ಎಂಬುದಕ್ಕೂ ಒಪ್ಪಿಗೆ ಬೇಕು. ವಿಮೆಯ ವಿಷಯಕ್ಕೆ 2004ರ ಯೂರೋಪಿನ ನಿಯಮವೊಂದಿದೆ. ಅದರಂತೆ 500 ಕಿಲೋಗ್ರಾಮಿಗಿಂತ ಕಡಮೆ ತೂಕದ ವಿಮಾನಕ್ಕೂ ಕೆಳಗಿನವರ ಸಲುವಾಗಿ ಏಳೂವರೆ ಲಕ್ಷ ‘ಎಸ್.ಡಿ.ಆರ್.’ ಮೊತ್ತದ ವಿಮೆ ಇರಬೇಕು. ಎಸ್.ಡಿ.ಆರ್. ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಒಂದಕ್ಕೆ ಒಂದು ಡಾಲರಿಗಿಂತ ಹೆಚ್ಚು ಬೆಲೆ. ವಿಮಾನ ಚಿಕ್ಕದಾದರೂ ಕೆಳಗಿನವರ ಪ್ರಾಣ ಚಿಕ್ಕದಲ್ಲವೆಂಬುದು ಅದರ ತಾತ್ಪರ್ಯ.

ಅಮೆರಿಕೆಯಲ್ಲಿ ಬಹುಕಾಲದಿಂದ ನಡೆದುಬಂದ ಇನ್ನೊಂದು ಪದ್ಧತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮನೆಯಲ್ಲಿ ಕಟ್ಟಿದ ವಿಮಾನವನ್ನು ಮೊದಲು ಜನವಸತಿಯಿಲ್ಲದ, ಗೊತ್ತುಮಾಡಿದ ಪ್ರದೇಶದಲ್ಲಿ ಪ್ರಯಾಣಿಕರಿಲ್ಲದೆ ಹಾರಿಸಿ ಪರೀಕ್ಷಿಸಬೇಕು. ಎಂಜಿನು ಮತ್ತು ಪಂಖ ಪ್ರಮಾಣಪತ್ರವುಳ್ಳ ಜೋಡಿಯಾದರೆ ಇಂಥ ಹಾರಾಟ 25 ಗಂಟೆ. ಪ್ರಮಾಣಪತ್ರವಿಲ್ಲದ ಎಂಜಿನಾದರೆ 40 ಗಂಟೆ. ಹೆಚ್ಚಿನ ಆ 15 ಗಂಟೆಗಳೇ ಹೆಸರಿಲ್ಲದ ಎಂಜಿನು ತೆರಬೇಕಾದ ಸುಂಕ. ಅಲ್ಲಿಯ ಸಾರಿಗೆ ಸುರಕ್ಷತಾ ಮಂಡಲಿ 2012ರಲ್ಲಿ ಇಂಥ ವಿಮಾನಗಳ ಅಪಘಾತಗಳನ್ನು ಅಭ್ಯಾಸ ಮಾಡಿ ಒಂದು ವರದಿಯನ್ನು ಹೊರಡಿಸಿತು. ಎಂಜಿನು ಕೈಕೊಡುವುದು, ಹಾರುವಾಗ ಹತೋಟಿ ತಪ್ಪುವುದು, ಇವೇ ಮುಖ್ಯ ಕಾರಣಗಳೆಂದು ಅದು ಹೇಳಿತು. ಇನ್ನೊಂದು ಸಂಗತಿ ವಿಚಾರಕ್ಕೆ ಹಚ್ಚುವಂಥದು: 2011ರಲ್ಲಿ ತನಿಖೆ ಮಾಡಿದ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಕಟ್ಟಿದವನಿಂದ ಬೇರೊಬ್ಬನು ಕೊಂಡುಕೊಂಡ ವಿಮಾನಗಳವು. ಕಟ್ಟಿದವನಿಗೆ ತನ್ನ ಯಂತ್ರದ ಒಳಗುಟ್ಟು ಗೊತ್ತು. ಕೊಂಡವನಿಗೆ ಅದರ ಬಣ್ಣ ಮಾತ್ರ ಗೊತ್ತು. ಬರೆದಿಡದ ವಿದ್ಯೆ ಮಾರಾಟದಲ್ಲಿ ಬರುವುದಿಲ್ಲ.

ಪಾಲಿಸಿಯ ಒಳಗೆ ಏನಿರುತ್ತದೆಂಬುದನ್ನೂ ತಿಳಿಯೋಣ. ವಿಮಾನದ ವಿಮೆಯಲ್ಲಿ ಎರಡು ಭಾಗ. ಒಂದು, ವಿಮಾನದ ಒಡಲಿಗೆ. ಕಟ್ಟುತ್ತಿರುವಾಗ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಒಂದು ಬಗೆ, ನಿಂತಲ್ಲಿ ಹಾನಿಯಾದರೆ ಒಂದು ಬಗೆ, ನೆಲದ ಮೇಲೆ ಓಡುವಾಗ ಒಂದು ಬಗೆ, ಹಾರುವಾಗ ಒಂದು ಬಗೆ. ಬಗೆಗೆ ತಕ್ಕಂತೆ ಕಂತು. ಎರಡನೆಯದು, ಮೂರನೆಯವರಿಗೆ, ಎಂದರೆ ಕೆಳಗಿನ ಜನ, ದನ, ಮನೆ, ಬೆಳೆಗಳಿಗೆ ಆಗುವ ಹಾನಿಗೆ. ಇಲ್ಲೊಂದು ಮರ್ಮವಿದೆ. ಎಂಜಿನು ತಾನಾಗಿ ಸವೆದು ಮುರಿದರೆ ಆ ಎಂಜಿನಿನ ಬೆಲೆಯನ್ನು ಒಡಲಿನ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದು ಮುರಿದುದರಿಂದ ವಿಮಾನ ಬಿದ್ದು ರೆಕ್ಕೆ ಒಡಲು ಜಜ್ಜಿಹೋದರೆ ಅದಕ್ಕೆ ಕೊಡುತ್ತದೆ. ಹಾಗೆಯೇ ಪಾಲಿಸಿಯಲ್ಲಿ ಹೆಸರಿಸಿದ ಚಾಲಕನೇ ನಡೆಸಬೇಕು, ಹೇಳಿದ ಕೆಲಸಕ್ಕೇ ಬಳಸಬೇಕು, ಹಾರಲು ಸರ್ಕಾರದ ಪರವಾನಗಿ ಚಾಲ್ತಿಯಲ್ಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಕಂತು ಕಟ್ಟಿದ ರಸೀದಿ ಬರಿಯ ಕಾಗದ.

ಇದೆಲ್ಲಕ್ಕೂ ಅಡಿಗಲ್ಲಾಗಿ ವಿಮೆಯ ಕಾಯಿದೆಯಲ್ಲಿ ಪರಮ ವಿಶ್ವಾಸವೆಂಬ ತತ್ತ್ವವಿದೆ. ಪೇಟೆಯಲ್ಲಿ ಎತ್ತು ಕೊಳ್ಳುವವನು ತಾನೇ ಹಲ್ಲು ಎಣಿಸಿ ನೋಡಿಕೊಳ್ಳಬೇಕು. ಮಾರುವವನು ಸುಮ್ಮನಿದ್ದರೂ ನಡೆದೀತು. ವಿಮೆಯಲ್ಲಿ ಹಾಗಲ್ಲ. ಎತ್ತು ಯಾವಾಗ ಕುಂಟಿತ್ತೆಂಬುದನ್ನು ಒಡೆಯನೇ ಬಾಯಿಬಿಟ್ಟು ಹೇಳಬೇಕು. ಕಾರಿನ ಎಂಜಿನನ್ನು ಕೂಡಿಸಿ, ಅರ್ಜಿಯಲ್ಲಿ ‘ವಿಮಾನದ ಎಂಜಿನು’ ಎಂದು ಬರೆದರೆ ಕಂತು ಕಡಮೆಯಾದೀತು. ಆದರೆ ಹಾನಿಯಾದ ದಿನ ಕಂಪನಿಯು ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ನಮಗೂ ನಿಮಗೂ ಕರಾರೇ ಇಲ್ಲ’ ಎನ್ನಬಲ್ಲದು. ಉಳಿಸಿದ್ದು ನೂರು, ಕಳೆದುಕೊಂಡದ್ದು ಮನೆ.

ನಮ್ಮ ದೇಶದ ಕಾಯಿದೆ ಏನೆನ್ನುತ್ತದೆ? 1934ರ ವಿಮಾನ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಮನುಷ್ಯನು ಕುಳಿತು ಹಾರುವ ಯಾವ ಯಂತ್ರವೇ ಇರಲಿ, ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ನೋಂದಣಿಯೂ ಒಪ್ಪಿಗೆಯೂ ಇಲ್ಲದೆ ಅದನ್ನು ಹಾರಿಸಲಾಗದು. ಮನೆಯಲ್ಲಿ ಕಟ್ಟಿದ್ದೆಂದು ರಿಯಾಯಿತಿ ಇಲ್ಲ. ಡ್ರೋನುಗಳಿಗೆ 2021ರ ನಿಯಮಗಳಿವೆ. ಮೋಟಾರು ವಾಹನಗಳ ಮೂರನೆಯವರ ವಿಮೆಯ ಕಟ್ಟಳೆಗಳೇ ತಕ್ಕ ಮಾರ್ಪಾಟಿನೊಡನೆ ಡ್ರೋನಿಗೂ ಅನ್ವಯಿಸುತ್ತವೆಂದು ಅವು ಹೇಳುತ್ತವೆ. 250 ಗ್ರಾಮಿನವರೆಗಿನ ಅತಿ ಸಣ್ಣ ಡ್ರೋನಿಗೆ ಮಾತ್ರ ವಿಮೆಯ ಕಡ್ಡಾಯವಿಲ್ಲ. ಆದುದರಿಂದ ಔಷಧದ ಡಬ್ಬಿ ಹೊತ್ತು ಹೊಲದ ಮೇಲೆ ಹಾರುವ ಡ್ರೋನನ್ನು ಬಾಡಿಗೆಗೆ ಕರೆಸುವಾಗ, ‘ವಿಮೆಯ ಕಾಗದ ಎಲ್ಲಿದೆ?’ ಎಂದು ಕೇಳುವುದು ಒಕ್ಕಲಿಗನ ಹಕ್ಕು.

ಆಕಾಶದ ಈ ನ್ಯಾಯ ನೆಲದ ಮೇಲೂ ಇದೆ. ಪಂಪುಸೆಟ್ಟಿನ ಎಂಜಿನನ್ನು ಗಾಡಿಗೆ ಕೂಡಿಸಿ ಓಡಿಸುವ ‘ಜುಗಾಡ’ ಉತ್ತರ ದೇಶದಲ್ಲಿ ಪ್ರಸಿದ್ಧ. ಅದೂ ಕಾಯಿದೆಯ ದೃಷ್ಟಿಯಲ್ಲಿ ಮೋಟಾರು ವಾಹನವೇ, ನೋಂದಣಿ ವಿಮೆಗಳಿಲ್ಲದೆ ರಸ್ತೆಗೆ ಬರಬಾರದು ಎಂದು ಸುಪ್ರೀಮ್ ಕೋರ್ಟು 2013ರಲ್ಲಿ ಹೇಳಿತು. ನೋಂದಣಿ ಪತ್ರದ ವಿವರಕ್ಕೆ ಮೇಳ ತಪ್ಪುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಇಷ್ಟು ದೂರವೂ ಹೋಗುವುದು ಬೇಡ. ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಟ್ರ್ಯಾಕ್ಟರುಗಳನ್ನು ನೋಡಿರಿ. ಒಕ್ಕಲುತನದ ಕೆಲಸಕ್ಕೆಂದು ವಿಮೆ ಇಳಿಸಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮನೆಮಂದಿಯೆಲ್ಲ ಕುಳಿತು ಹೊರಡುತ್ತಾರೆ. ದಾರಿಯಲ್ಲಿ ಟ್ರೇಲರು ಮಗುಚಿದರೆ, ಒಳಗಿದ್ದವರಿಗೆ ಆ ವಿಮೆಯಿಂದ ಪರಿಹಾರ ಸಾಮಾನ್ಯವಾಗಿ ದೊರೆಯುವುದಿಲ್ಲ. ಟ್ರೇಲರು ಜೋಳದ ಚೀಲಕ್ಕೆ, ಜನಕ್ಕಲ್ಲ. ಭಕ್ತಿ ದೊಡ್ಡದೇ, ಆದರೆ ಪಾಲಿಸಿಯಲ್ಲಿ ಬರೆದ ಕೆಲಸ ಬೇರೆ, ಮಾಡಿದ ಕೆಲಸ ಬೇರೆಯಾಯಿತಲ್ಲ!

ಈಗ ನಿಮ್ಮ ಮನೆಯ ಹುಡುಗನ ಮಾತಿಗೆ ಬರೋಣ. ಅವನು ರೆಕ್ಕೆ ಕಟ್ಟುವೆನೆಂದರೆ ಬೇಡವೆನ್ನಬೇಡಿರಿ. ಮೊದಲು ಅವನ ಕೈಗೊಂದು ರಟ್ಟಿನ ಹೊತ್ತಿಗೆ ಕೊಡಿರಿ. ಯಾವ ತಾರೀಖಿಗೆ ಯಾವ ಭಾಗ ತಂದನು, ಎಲ್ಲಿಂದ ತಂದನು, ಹೊಸದೋ ಹಳೆಯದೋ. ಎಂಜಿನು ನೆಲದ ಮೇಲೆ ಎಷ್ಟು ಗಂಟೆ ಓಡಿತು, ಎಷ್ಟು ಕಾಯ್ದಿತು, ಯಾವ ದಿನ ಕೆಮ್ಮಿ ನಿಂತಿತು, ಏಕೆ ನಿಂತಿತು. ಯಾರು ಬಂದು ನೋಡಿದರು, ಏನೆಂದರು. ಇವೆಲ್ಲವನ್ನೂ ಬರೆಯಲಿ, ಮುಚ್ಚುವ ಮೊದಲು ಚಿತ್ರ ತೆಗೆದು ಅಂಟಿಸಲಿ. ಸೋತ ದಿನದ ಪುಟವನ್ನು ಹರಿಯದಿರಲಿ. ವಿಮೆಯವನು ಹೆಚ್ಚಾಗಿ ನಂಬುವುದು ಆ ಪುಟವನ್ನೇ. ಎರಡನೆಯದಾಗಿ, ಒಬ್ಬನೇ ಕಟ್ಟದಿರಲಿ. ಬ್ರಿಟನ್ನಿನಲ್ಲಿ 1946ರಲ್ಲಿಯೂ ಅಮೆರಿಕೆಯಲ್ಲಿ 1953ರಲ್ಲಿಯೂ ಮನೆಯಲ್ಲಿ ವಿಮಾನ ಕಟ್ಟುವವರ ಸಂಘಗಳು ಹುಟ್ಟಿದುವು. ಒಬ್ಬನ ತಪ್ಪು ಹತ್ತು ಜನರ ವಿದ್ಯೆಯಾಯಿತು. ಹತ್ತು ಜನರ ದಾಖಲೆ ಕೂಡಿ ವಿಮೆಯ ಲೆಕ್ಕವಾಯಿತು. ಮುಯ್ಯಾಳುಗಳು ದೊರೆತರು. ಮೂರನೆಯದಾಗಿ, ವಿಮೆಯ ಕಂಪನಿಯ ಬಾಗಿಲಿಗೆ ಯಂತ್ರ ಮುಗಿದ ಮೇಲೆ ಹೋಗುವುದಲ್ಲ. ಎಂಜಿನು ಕೊಳ್ಳುವ ಮುಂಚೆಯೇ ಹೋಗಿ ಕೇಳಲಿ. ‘ಈ ಎಂಜಿನಾದರೆ ಏನು ಶರತ್ತು, ಆ ಎಂಜಿನಾದರೆ ಏನು ಶರತ್ತು?’ ಎಂದು ಬರಹದಲ್ಲಿ ಉತ್ತರ ಪಡೆಯಲಿ. ಅಗ್ಗದ ಎಂಜಿನು ವಿಮೆಯ ಕಂತಿನಲ್ಲಿ ತುಟ್ಟಿಯಾಗುವುದುಂಟು.

ಕೊನೆಯದಾಗಿ, ಹಣ ಸಾಲದೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ, ತನ್ನ ವಿಮಾನದ ಒಡಲಿಗಲ್ಲ, ಕೆಳಗಿನವರಿಗಾಗಿ ವಿಮೆ ಇಳಿಸಲಿ. ಕಟ್ಟಿದ್ದು ಮುರಿದರೆ ಕಟ್ಟಿದ ಕೈ ಮತ್ತೆ ಕಟ್ಟೀತು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ತಾಯಿ ಆ ಹಾರಾಟದ ಸಂತೋಷದಲ್ಲಿ ಪಾಲು ಕೇಳಿದವಳಲ್ಲ. ಅದರ ಅಪಾಯದಲ್ಲಿ ಮಾತ್ರ ಅವಳಿಗೆ ಪಾಲು ಬಂದೀತು. ಅವಳ ಪಾಲಿನ ಋಣವನ್ನು ಮೊದಲೇ ಎತ್ತಿಡುವುದಕ್ಕೆ ವಿಮೆಯೆಂದು ಹೆಸರು. ಆ ಋಣವನ್ನು ಎತ್ತಿಟ್ಟು, ಯಂತ್ರವನ್ನು ಅಳೆದು, ಸತ್ಯವನ್ನು ಬರೆದು ಹಾರುವ ಹುಡುಗನಿಗೆ ನಮ್ಮೆಲ್ಲರ ಹರಕೆಯಿರಲಿ.